ಎರಡು ಸಲ ಗ್ಯಾಸ್ ತುಂಬಿಸಿದರೂ ಎಸಿಯಲ್ಲಿ ಬಿಸಿ ಗಾಳಿ, ಈಗ ಕಂಪ್ರೆಸರ್ ಹೋಗಿದೆ ಅಂತಾರೆ. ನಿಜವಾ?

ತೊಗರಿನಾಡು:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ, ಹಾಗಾಗಿ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 96 ಸಾವಿರ ಕಿಲೋಮೀಟರ್ ಓಡಿದೆ. ಎಂಜಿನ್ ಚೆನ್ನಾಗಿದೆ, ತೊಂದರೆ ಇರೋದು ಎಸಿಯಲ್ಲಿ ಮಾತ್ರ.

ಮಾರ್ಚ್‌ನಲ್ಲಿ ತಂಪು ಸ್ವಲ್ಪ ಕಡಿಮೆ ಅನ್ನಿಸಿತು. ಹತ್ತಿರದ ಎಸಿ ಅಂಗಡಿಗೆ ಹೋದೆ. ಅವರು ನೋಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ, "ಗ್ಯಾಸ್ ಖಾಲಿ" ಅಂದು 1,800 ರೂಪಾಯಿಗೆ ತುಂಬಿಸಿದರು. ಹದಿನೈದು ದಿನ ಪರವಾಗಿಲ್ಲ ಅನ್ನುವ ಹಾಗಿತ್ತು. ಏಪ್ರಿಲ್‌ನಲ್ಲಿ ಮತ್ತೆ ಅದೇ ಕಥೆ. ಬೇರೆ ಅಂಗಡಿಯವರು "ಸ್ವಲ್ಪ ಕಡಿಮೆ ಇದೆ ಸರ್, ಟಾಪ್ ಅಪ್ ಮಾಡ್ತೀನಿ" ಅಂತ 900 ತೆಗೆದುಕೊಂಡರು. ಆಮೇಲೆ ಇನ್ನೂ ಕೆಟ್ಟಿತು! ಮೊನ್ನೆ ಮೂರನೆಯವರ ಹತ್ತಿರ ಹೋದೆ, ಅವರು ಗೇಜ್ ಹಾಕಿ ನೋಡಿ ಕಂಪ್ರೆಸರ್ ವೀಕ್ ಅಂತ ಹೇಳಿದರು. ಹೊಸದಕ್ಕೆ 24 ಸಾವಿರ, ಸೆಕೆಂಡ್ ಹ್ಯಾಂಡ್ ಆದರೆ 12 ಸಾವಿರವಂತೆ.

ನಾನು ಗಮನಿಸಿದ್ದು ಹೇಳುತ್ತೇನೆ. ಬೆಳಿಗ್ಗೆ ಏಳು ಗಂಟೆಗೆ ಹೊರಟರೆ ತಂಪು ಚೆನ್ನಾಗಿ ಬರುತ್ತದೆ. ಮಧ್ಯಾಹ್ನ ಜಗತ್ ಸರ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಎರಡೇ ನಿಮಿಷದಲ್ಲಿ ಬಿಸಿ ಗಾಳಿ. ಹುಮನಾಬಾದ್ ರಸ್ತೆಗೆ ಬಿದ್ದು 80ರಲ್ಲಿ ಓಡಿಸಿದರೆ ಮತ್ತೆ ತಂಪಾಗುತ್ತದೆ, ಆದರೆ ಮೊದಲಿನಷ್ಟಲ್ಲ. ಗಾಳಿಯ ರಭಸ ಏನೂ ಕಡಿಮೆಯಾಗಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಒದ್ದೆ ಟವೆಲ್ ತಲೆಗೆ ಹಾಕಿಕೊಂಡು ಕೂರುತ್ತಾಳೆ, ನೋಡಲು ಪಾಪ ಅನ್ನಿಸುತ್ತದೆ.

24 ಸಾವಿರ ಹಾಕುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದೆಯಾ? ಮಲ್ಟಿಮೀಟರ್ ಇದೆ, ಬಳಸಲು ಸ್ವಲ್ಪ ಬರುತ್ತದೆ. ಗೇಜ್ ಇಲ್ಲ.

ಹಳೇ ಸ್ಟೀರಿಂಗ್:

ನನ್ನದಕ್ಕೂ ಹೀಗೇ ಆಗಿತ್ತು. ಪ್ರತಿ ಬೇಸಿಗೆಗೆ ಒಂದು ಸಲ ಗ್ಯಾಸ್ ಹಾಕಿಸುತ್ತೇನೆ, ಆರಾಮಾಗಿದೆ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆ ಗ್ಯಾಸ್ ಹಾಕಿಸಿ ಅಷ್ಟೇ.

ಬೆಂಗಳೂರು ಮೀಟರ್:

ಹಳೇ ಸ್ಟೀರಿಂಗ್ ಅವರೇ, ಗ್ಯಾಸ್ ಏನು ಪೆಟ್ರೋಲಾ, ಓಡಿಸಿದಷ್ಟೂ ಖರ್ಚಾಗಲು? ಒಳಗಿದ್ದದ್ದೇ ಸುತ್ತುತ್ತಿರುತ್ತದೆ. ಮನೆ ಫ್ರಿಜ್‌ಗೆ ನೀವು ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸುತ್ತೀರಾ? ಕಾರಿನಲ್ಲಿ ರಬ್ಬರ್ ಪೈಪು, ಶಾಫ್ಟ್ ಸೀಲ್ ಇರುವುದರಿಂದ ವರ್ಷಗಟ್ಟಲೆಯಲ್ಲಿ ಸ್ವಲ್ಪ ಹೋಗುತ್ತದೆ, ಅದು ಬೇರೆ ಮಾತು. ಪ್ರತಿ ಬೇಸಿಗೆಗೂ ಹಾಕಿಸಬೇಕು ಅಂದರೆ ಎಲ್ಲೋ ಲೀಕ್ ಇದೆ, ನೀವು ಅದನ್ನು ಹುಡುಕದೆ ದುಡ್ಡು ಕೊಡುತ್ತಿದ್ದೀರಿ.

ತೊಗರಿನಾಡು ಅವರೇ, ಉತ್ತರ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಂತರೆ ಬಿಸಿ, ಓಡಿದರೆ ತಂಪು. ಬೆಳಿಗ್ಗೆ ತಂಪು, ಮಧ್ಯಾಹ್ನ ಬಿಸಿ. ಇದು ಕೇಳಿದ ಕೂಡಲೇ ನನ್ನ ಕಣ್ಣು ಹೋಗುವುದು ಕಂಡೆನ್ಸರ್ ಮೇಲೆ. ಅಂದರೆ ರೇಡಿಯೇಟರ್ ಮುಂದೆ, ಗ್ರಿಲ್ ಹಿಂದೆ ಕೂತಿರುವ ತೆಳ್ಳಗಿನ ಜಾಲರಿ. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಎಸೆಯುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್‌ನಲ್ಲಿ ಗ್ಯಾಸ್ ಬಿಸಿ ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನೂ ಬಿಸಿ ಮಾಡುತ್ತದೆ, ಕಂಡೆನ್ಸರ್‌ನಲ್ಲಿ ಆ ಬಿಸಿ ಗಾಳಿಗೆ ಹೋಗಿ ಗ್ಯಾಸ್ ದ್ರವ ಆಗಬೇಕು. ಅಲ್ಲಿ ಗಾಳಿ ಆಡದಿದ್ದರೆ ಎಸೆಯಲು ಜಾಗ ಇಲ್ಲ. ಗಾಡಿ ಓಡುವಾಗ ಎದುರಿನ ಗಾಳಿಯೇ ಆ ಕೆಲಸ ಮಾಡುತ್ತದೆ. ನಿಂತಾಗ ಫ್ಯಾನ್ ಮಾಡಬೇಕು. ನಿಮ್ಮ ಫ್ಯಾನ್ ತಿರುಗುತ್ತಿದೆಯಾ? ಮೂರು ಅಂಗಡಿಯಲ್ಲಿ ಒಬ್ಬರಾದರೂ ನೋಡಿದರಾ?

ಒಂದು ಕೆಲಸ ಮಾಡಿ. ಮಧ್ಯಾಹ್ನವೇ ಮಾಡಿ, ಬೆಳಿಗ್ಗೆ ಮಾಡಿದರೆ ಗೊತ್ತಾಗುವುದಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಎಸಿ ಫುಲ್ ಹಾಕಿ ಬಾನೆಟ್ ಎತ್ತಿ. ಎಸಿ ಬಟನ್ ಒತ್ತಿದಾಗ ಕಂಪ್ರೆಸರ್‌ನ ಮ್ಯಾಗ್ನೆಟ್ ಕ್ಲಚ್ "ಟಕ್" ಅನ್ನಬೇಕು, ಮುಂದಿನ ತಟ್ಟೆ ಪುಲ್ಲಿ ಜೊತೆ ತಿರುಗಬೇಕು. ಕೆಲವೇ ಸೆಕೆಂಡಿನಲ್ಲಿ ಫ್ಯಾನ್ ಕೂಡ ಶುರುವಾಗಬೇಕು. ತಿರುಗದಿದ್ದರೂ ಕೈ ಹಾಕಬೇಡಿ, ಯಾವ ಕ್ಷಣಕ್ಕೆ ಬೇಕಾದರೂ ತಿರುಗಬಹುದು. ಆಮೇಲೆ ಒಂದು ಬಕೆಟ್ ನೀರು ತಂದು ಮಗ್‌ನಿಂದ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನಿಧಾನಕ್ಕೆ ಹಾಕುತ್ತಾ ಇರಿ. ಒಳಗೆ ಒಬ್ಬರನ್ನು ಕೂರಿಸಿ ಗಾಳಿಗೆ ಕೈ ಹಿಡಿಯಲು ಹೇಳಿ. ನೀರು ಬಿದ್ದ ಒಂದೆರಡು ನಿಮಿಷದಲ್ಲಿ ಗಾಳಿ ತಂಪಾದರೆ ನಿಮ್ಮ ಕಂಪ್ರೆಸರ್ ಬದುಕಿದೆ ಅಂತಲೇ ಅರ್ಥ.

ಹುಬ್ಬಳ್ಳಿ ಗೇಜ್:

ಕಾರ್ ಎಸಿ ಕೆಲಸ ಮಾಡುತ್ತಾ 18 ವರ್ಷ ಆಯಿತು, ಅದಕ್ಕೆ ನನ್ನದೂ ಒಂದೆರಡು ಮಾತು. ಮೂರನೆಯವರು ಗೇಜ್ ಹಾಕಿದರು ಅಂದಿರಲ್ಲ, ನಂಬರ್ ಎಷ್ಟು ಬಂತು? ಲೋ ಅಂದರೆ ಗ್ಯಾಸ್ ಕಂಪ್ರೆಸರ್‌ಗೆ ಬರುವ ಕಡೆಯ ಒತ್ತಡ, ಹೈ ಅಂದರೆ ಅದು ಒತ್ತಿ ಕಳಿಸುವ ಕಡೆಯದು, ಎರಡೂ ಬೇಕು. ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಹಾಕಿ.

ತೊಗರಿನಾಡು:

ಬಿಲ್ ಹಿಂದೆ ಪೆನ್ನಿನಲ್ಲಿ "ಲೋ 60, ಹೈ 360" ಅಂತ ಬರೆದಿದ್ದಾರೆ. ನೀರಿನ ಪರೀಕ್ಷೆ ಇವತ್ತು ಮಧ್ಯಾಹ್ನ ಮಾಡಿ ಹೇಳುತ್ತೇನೆ.

ಹುಬ್ಬಳ್ಳಿ ಗೇಜ್:

ಹೈ 360 ಪಿಎಸ್‌ಐ ಇಟ್ಟುಕೊಂಡು ಕಂಪ್ರೆಸರ್ ವೀಕ್ ಅಂದರಾ? ವೀಕ್ ಆದ ಕಂಪ್ರೆಸರ್‌ಗೆ 360ರವರೆಗೆ ಒತ್ತುವ ಶಕ್ತಿ ಎಲ್ಲಿಂದ ಬರಬೇಕು ಸ್ವಾಮಿ? ಕಂಪ್ರೆಸರ್ ಒಳಗೆ ಸವೆದಿದ್ದರೆ ಲೋ ಮೇಲೆ ಬರುತ್ತದೆ, ಹೈ ಕೆಳಗೆ ಇಳಿಯುತ್ತದೆ. 80, 130 ಹೀಗೆ ಎರಡೂ ಮುಳ್ಳು ಹತ್ತಿರ ಹತ್ತಿರ ಬರುತ್ತವೆ, ಎಂಜಿನ್ ರೇಸ್ ಮಾಡಿದರೂ ದೂರ ಆಗುವುದಿಲ್ಲ. ನಿಮ್ಮದು ಅದಕ್ಕೆ ಪೂರ್ತಿ ಉಲ್ಟಾ ಇದೆ.

ನಿಮ್ಮೂರಿನ 40 ಡಿಗ್ರಿಯಲ್ಲಿ ಆರ್-134ಎ ಗ್ಯಾಸ್ ಗಾಡಿಗೆ ಲೋ 40ರಿಂದ 50, ಹೈ 230ರಿಂದ 270 ಇದ್ದರೆ ನಾನು ಸುಮ್ಮನೆ ಬಾನೆಟ್ ಮುಚ್ಚುತ್ತೇನೆ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಲೋ ಸೊನ್ನೆ ಹತ್ತಿರ ಹೋಗಿ ವ್ಯಾಕ್ಯೂಮ್‌ಗೆ ಎಳೆಯುತ್ತಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ದ್ರವವನ್ನು ಸಣ್ಣ ಕಿಂಡಿಯಿಂದ ಬಿಡುವ ವಾಲ್ವ್) ಕಟ್ಟಿಕೊಂಡಿರಬೇಕು, ಇಲ್ಲ ಒಳಗೆ ನೀರಿನಂಶ ಸೇರಿ ವಾಲ್ವ್ ಬಾಯಲ್ಲಿ ಐಸ್ ಆಗಿರಬೇಕು. ನಿಮ್ಮ ಹಾಗೆ ಎರಡೂ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಮೂರೇ ಕಾರಣ: ಕಂಡೆನ್ಸರ್‌ಗೆ ಗಾಳಿ ಇಲ್ಲ, ಗ್ಯಾಸ್ ಜಾಸ್ತಿ ತುಂಬಿದ್ದಾರೆ, ಅಥವಾ ವ್ಯಾಕ್ಯೂಮ್ ಮಾಡದೆ, ಅಂದರೆ ಪಂಪ್‌ನಿಂದ ಒಳಗಿನ ಗಾಳಿ ಎಳೆದು ತೆಗೆಯದೆ, ತುಂಬಿಸಿ ಒಳಗೆ ಗಾಳಿ ಸೇರಿದೆ. ನಿಮ್ಮದರಲ್ಲಿ ಮೂರೂ ಸ್ವಲ್ಪ ಸ್ವಲ್ಪ ಇದ್ದರೂ ನನಗೆ ಆಶ್ಚರ್ಯ ಇಲ್ಲ.

ಈ ಟಾಪ್ ಅಪ್ ಅನ್ನುವುದೇ ಕೆಟ್ಟ ಚಾಳಿ. ಗ್ಯಾಸನ್ನು ತೂಕದಿಂದ ಹಾಕಬೇಕು, ಮುಳ್ಳು ನೋಡಿ ಅಲ್ಲ. ಬಾನೆಟ್ ಒಳಗೆ ಸ್ಟಿಕ್ಕರ್ ಇರುತ್ತದೆ, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ ಒಳಗೇ ಇರುತ್ತದೆ, ಅಷ್ಟರಲ್ಲಿ 100 ಗ್ರಾಂ ಹೆಚ್ಚುಕಮ್ಮಿ ಆದರೂ ಗೊತ್ತಾಗುತ್ತದೆ. ಎಂಜಿನ್ ಆಫ್ ಇದ್ದಾಗ ಗೇಜ್ ಹಾಕಿ "ನೋಡಿ ಸರ್ ಪ್ರೆಷರ್ ಇದೆ, ಗ್ಯಾಸ್ ಫುಲ್" ಅನ್ನುವವರೂ ಇದ್ದಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಒಳಗೆ ಒಂದು ಚೂರು ದ್ರವ ಉಳಿದಿದ್ದರೂ ಸಾಕು, 35 ಡಿಗ್ರಿಗೆ ಸುಮಾರು 115 ಪಿಎಸ್‌ಐ ತೋರಿಸುತ್ತದೆ. 200 ಗ್ರಾಂ ಇದ್ದರೂ ಅಷ್ಟೇ, 500 ಇದ್ದರೂ ಅಷ್ಟೇ. ಅಡುಗೆ ಸಿಲಿಂಡರ್ ಅರ್ಧ ಆದಾಗಲೂ ಒಲೆ ಉರಿ ಕಡಿಮೆ ಆಗುವುದಿಲ್ಲ ಅಲ್ವಾ, ಹಾಗೆ.

ಗ್ಯಾಸ್ ಡಬ್ಬಿ ಯಾವುದು ಅಂತಲೂ ಕೇಳಿ. ಕೆಲವು ಕಡೆ ಅಗ್ಗಕ್ಕೆ ಸಿಗುವ ಕಲಬೆರಕೆ ಹಾಕುತ್ತಾರೆ. ಅದರಲ್ಲಿ ಹೊತ್ತಿಕೊಳ್ಳುವ ಗ್ಯಾಸ್ ಸೇರಿರುತ್ತದೆ. ತಂಪು ಬರುತ್ತದೆ, ಆದರೆ ಲೀಕ್ ಆಗಿ ಕಾರಿನೊಳಗೆ ತುಂಬಿದರೆ ಕಥೆ ಬೇರೆ.

ಕಡಲತಡಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಬೇಡಿ. ಉಡುಪಿಯಿಂದ. ನನ್ನದು ಉಲ್ಟಾ ಸಮಸ್ಯೆ. ಹೊರಟಾಗ ಒಳ್ಳೆ ತಂಪು, ಕುಂದಾಪುರ ಬರುವಷ್ಟರಲ್ಲಿ ಗಾಳಿ ಬರುವುದೇ ಕಡಿಮೆಯಾಗುತ್ತದೆ. ಬ್ಲೋವರ್ ನಾಲ್ಕರಲ್ಲಿ ಇಟ್ಟರೂ ಸದ್ದು ಮಾತ್ರ, ಗಾಳಿ ಇಲ್ಲ. ಗಾಡಿ ನಿಲ್ಲಿಸಿ ಒಂದು ಟೀ ಕುಡಿದು ಬಂದರೆ ಮತ್ತೆ ಸರಿ. ಆಗ ಕಾರಿನ ಅಡಿ ಇಷ್ಟು ನೀರು ಸುರಿದಿರುತ್ತದೆ. ಇದಕ್ಕೂ ಕಂಡೆನ್ಸರಾ?

ಬೆಂಗಳೂರು ಮೀಟರ್:

ಅಲ್ಲ. ನಿಮ್ಮದು ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತಿದೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಕಾಯಿಲ್ ಸೊನ್ನೆಗಿಂತ ಕೆಳಗೆ ಹೋದರೆ ಆ ತೇವವೆಲ್ಲ ಅದರ ಮೇಲೆ ಐಸ್ ಆಗಿ ಗಾಳಿಗೆ ಅಡ್ಡ ನಿಲ್ಲುತ್ತದೆ. ನೀವು ಟೀ ಕುಡಿಯುವಷ್ಟರಲ್ಲಿ ಕರಗಿ ಸುರಿಯುತ್ತದೆ. ಕಾಯಿಲ್‌ಗೆ ಅಂಟಿಕೊಂಡು ಒಂದು ಸಣ್ಣ ಸೆನ್ಸರ್ ಇರುತ್ತದೆ, ಥರ್ಮಿಸ್ಟರ್. ಐಸ್ ಕಟ್ಟುವ ಮೊದಲೇ ಕಂಪ್ರೆಸರ್ ನಿಲ್ಲಿಸುವುದು ಅದರ ಕೆಲಸ. ಅದು ಕೆಟ್ಟಿರಬಹುದು ಅಥವಾ ಜಾಗ ಬಿಟ್ಟು ಜಾರಿರಬಹುದು. ಅದಕ್ಕೂ ಮೊದಲು ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಅದು ಕಟ್ಟಿಕೊಂಡರೂ ಹೀಗಾಗುತ್ತದೆ. ನಮ್ಮ ಚಿಕ್ಕಪ್ಪನ ಕಾರು ಶಿರಸಿಯಲ್ಲಿದೆ, ಅದರ ಫಿಲ್ಟರ್ ಎಳೆದಾಗ ಒಣ ಎಲೆ, ಅಡಿಕೆ ಸಿಪ್ಪೆ, ಇಲಿ ಗೂಡು ಎಲ್ಲ ಒಟ್ಟಿಗೆ ಬಂತು. ಎಸಿ ವಾಸನೆ ಬರುತ್ತದೆ ಅಂತ ಅವರು ವರ್ಷದಿಂದ ಸೆಂಟ್ ಬಾಟಲಿ ಇಡುತ್ತಿದ್ದರು!

ತೊಗರಿನಾಡು:

ಮಾಡಿದೆ. ಮಧ್ಯಾಹ್ನ ಎರಡು ಗಂಟೆ, ಹೊರಗೆ 41 ಡಿಗ್ರಿ. ಮಗಳನ್ನು ಒಳಗೆ ಕೂರಿಸಿ ಅವಳ ಕೈಗೆ ಅಡುಗೆಮನೆಯ ಥರ್ಮಾಮೀಟರ್ ಕೊಟ್ಟೆ, ಅದರ ಕಡ್ಡಿ ನಡುವಿನ ಕಿಂಡಿಯೊಳಗೆ.

ಕ್ಲಚ್ ಟಕ್ ಅಂತ ಹಿಡಿಯಿತು. ನನ್ನ ಗಾಡಿಯಲ್ಲಿ ಎರಡು ಫ್ಯಾನ್ ಇವೆ ಅಂತ ಇವತ್ತೇ ಗೊತ್ತಾಗಿದ್ದು. ರೇಡಿಯೇಟರ್ ಫ್ಯಾನ್ ಎಂಜಿನ್ ಕಾದ ಮೇಲೆ ತಿರುಗಿತು, ಪಕ್ಕದ ಎಸಿ ಫ್ಯಾನ್ ಮಾತ್ರ ಅಲ್ಲಾಡಲಿಲ್ಲ. ಮೂರ್ನಾಲ್ಕು ನಿಮಿಷಕ್ಕೆ ಕ್ಲಚ್ ಬಿಟ್ಟಿತು, ಆಮೇಲೆ ಹಿಡಿಯಿತು, ಮತ್ತೆ ಬಿಟ್ಟಿತು. ಒಳಗಿನಿಂದ ಮಗಳು "ಇಪ್ಪತ್ತಾರು... ಇಪ್ಪತ್ತೆಂಟು" ಅಂತ ಕೂಗುತ್ತಿದ್ದಳು. ನಾನು ಮಗ್‌ನಿಂದ ನೀರು ಹಾಕಲು ಶುರು ಮಾಡಿದೆ. ಮೊದಲ ಮಗ್‌ಗೆ ಬುಸ್ ಅಂತ ಹಬೆ ಎದ್ದಿತು. ನಾಲ್ಕನೇ ಮಗ್ ಹೊತ್ತಿಗೆ "ಅಪ್ಪಾ ಇಳೀತಿದೆ, ಇಪ್ಪತ್ತೆರಡು, ಹತ್ತೊಂಬತ್ತು, ಹದಿನಾರು!" ಬಕೆಟ್ ಖಾಲಿಯಾಗುವಾಗ 14. ನೀರು ನಿಲ್ಲಿಸಿದೆ, ಐದು ನಿಮಿಷಕ್ಕೆ ಮತ್ತೆ 25.

ಇನ್ನೊಂದು. ಒಂದು ಉದ್ದ ಕಟ್ಟಿಗೆಯಿಂದ ಆ ಫ್ಯಾನ್ ಮೋಟಾರಿನ ಬೆನ್ನಿಗೆ ಮೆಲ್ಲಗೆ ತಟ್ಟಿದೆ. ಕೊರ್ ಅಂತ ಒಂದು ಸುತ್ತು ತಿರುಗಿ ನಿಂತಿತು.

ಬೆಂಗಳೂರು ಮೀಟರ್:

ಸಿಕ್ಕಿತು ಕಳ್ಳ. ತಟ್ಟಿದರೆ ತಿರುಗುತ್ತದೆ ಅಂದರೆ ಕರೆಂಟ್ ಬರುತ್ತಿದೆ, ಮೋಟಾರಿನ ಬ್ರಷ್ ಸವೆದಿದೆ. ಆದರೂ ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ಪ್ಲಗ್ ಬಿಚ್ಚಿ, ಎಸಿ ಆನ್ ಇದ್ದಾಗ ಮೀಟರ್ ಇಟ್ಟರೆ 12 ವೋಲ್ಟ್ ಮೇಲೆ ತೋರಿಸಬೇಕು. ತೋರಿಸದಿದ್ದರೆ ಫ್ಯೂಸ್, ರಿಲೇ ನೋಡಿ. ನಂಬರ್ ಒಂದೇ ಇದ್ದರೆ ಹಾರ್ನ್ ರಿಲೇ ಕಿತ್ತು ಅಲ್ಲಿ ಹಾಕಿ ಪರೀಕ್ಷೆ ಮಾಡಬಹುದು. ಪ್ಲಗ್‌ನ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದೆಯಾ ಅಂತಲೂ ಕಣ್ಣು ಹಾಯಿಸಿ.

ಕ್ಲಚ್ ಹಿಡಿದು ಬಿಡುತ್ತಿದ್ದದ್ದು ಪ್ರೆಷರ್ ಸ್ವಿಚ್ ಕೆಲಸ. ಹೈ ಮಿತಿ ಮೀರಿದಾಗ ಪೈಪ್ ಒಡೆಯಬಾರದು ಅಂತ ಕಂಪ್ರೆಸರ್ ನಿಲ್ಲಿಸುತ್ತದೆ. ಅದು ಇಲ್ಲದೇ ಹೋಗಿದ್ದರೆ ಈ ಎರಡು ತಿಂಗಳಲ್ಲಿ ನಿಜವಾಗಿಯೂ 24 ಸಾವಿರ ಹೋಗುತ್ತಿತ್ತು.

ದೋಹಾ ಕನ್ನಡಿಗ:

ಫ್ಯಾನ್ ವಿಷಯ ಒಪ್ಪಿದೆ. ಆದರೆ ಒಂದು ತಕರಾರು. ಮಾರ್ಚ್‌ನಲ್ಲಿ ಮೊದಲ ಸಲ ಗ್ಯಾಸ್ ಹಾಕಿದ ಮೇಲೆ ಹದಿನೈದು ದಿನ ಪರವಾಗಿಲ್ಲ ಅನ್ನಿಸಿದ್ದು ಯಾಕೆ? ಫ್ಯಾನ್ ಒಂದೇ ಕಾರಣ ಆಗಿದ್ದರೆ ಗ್ಯಾಸ್ ಹಾಕಿದ ದಿನವೂ ಸರಿಯಾಗುತ್ತಿರಲಿಲ್ಲ. ಫ್ಯಾನ್ ಆಗ ಅರ್ಧಂಬರ್ಧ ತಿರುಗುತ್ತಿತ್ತು, ಜೊತೆಗೆ ಗ್ಯಾಸ್ ಕೂಡ ನಿಜವಾಗಿ ಸ್ವಲ್ಪ ಕಡಿಮೆ ಇತ್ತು ಅಂತ ನನ್ನ ಊಹೆ. ಲೀಕ್ ಹುಡುಕದೆ ಬಿಡಬೇಡಿ. ಪೈಪ್ ಜೋಡಣೆ ಹತ್ತಿರ ಎಣ್ಣೆ ಪಸೆಗೆ ಧೂಳು ಅಂಟಿ ಕಪ್ಪಾಗಿದ್ದರೆ ಅಲ್ಲೇ ಲೀಕ್. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತದೆ, ಅದೇ ಗುರುತು ಬಿಟ್ಟು ಹೋಗುತ್ತದೆ.

ಇಲ್ಲಿ ಬೇಸಿಗೆಯಲ್ಲಿ 45 ದಾಟುವುದು ಮಾಮೂಲು. ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದ ಕೂಡಲೇ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ, ಬಿಸಿ ಗಾಳಿ ಹೊರಗೆ ಹೋಗಲಿ. ಆಮೇಲೆ ಕಿಟಕಿ ಏರಿಸಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಹೊರಗಿನ 42 ಡಿಗ್ರಿ ಗಾಳಿಯನ್ನೇ ಎಳೆದು ತಂಪು ಮಾಡು ಅಂದರೆ ಹೊಸ ಎಸಿಗೂ ಕಷ್ಟ. ಎಷ್ಟೋ ಜನ ಈ ಬಟನ್ ಮುಟ್ಟುವುದೇ ಇಲ್ಲ, ನಮ್ಮ ಅಪ್ಪನ ಗಾಡಿಯಲ್ಲಿ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಹತ್ತು ವರ್ಷದಿಂದ ಹಾಗೇ ಇದೆ.

ಹುಬ್ಬಳ್ಳಿ ಗೇಜ್:

ದೋಹಾದವರು ಹೇಳಿದ್ದು ಸರಿ. ತೊಗರಿನಾಡು ಅವರೇ, ಗ್ಯಾಸ್ ತೆಗೆದು ತೂಕ ಮಾಡುವ ಮೆಷಿನ್ ಇರುವ ಕಡೆ ಹೋಗಿ. ಗಾಳಿಗೆ ಬಿಟ್ಟುಬಿಡುವವರ ಹತ್ತಿರ ಬೇಡ, ಒಳಗೆ ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ, ವಾತಾವರಣಕ್ಕೂ ಒಳ್ಳೆಯದಲ್ಲ. ವ್ಯಾಕ್ಯೂಮ್ ಅರ್ಧ ಗಂಟೆಯಾದರೂ ಹಾಕಿಸಿ, ಪಂಪ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಮುಳ್ಳು ಏರುತ್ತದೆಯಾ ನೋಡಿಸಿ, ಏರಿದರೆ ಲೀಕ್ ಇದೆ. ಫ್ಯಾನ್ ಬದಲಿಸುವಾಗ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಫಳಫಳ ಅನ್ನುತ್ತಿರುತ್ತದೆ, ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗಿರುತ್ತದೆ. ಪ್ರೆಷರ್ ವಾಶ್ ಮಾತ್ರ ಬೇಡವೇ ಬೇಡ, ಜಾಲರಿಯ ಎಲೆಗಳು ಮಡಚಿಕೊಂಡರೆ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ತೊಗರಿನಾಡು:

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಪ್ಲಗ್‌ನಲ್ಲಿ 13.6 ವೋಲ್ಟ್ ಬಂತು, ಹಾಗಾಗಿ ಮೋಟಾರೇ. ಹೊಸ ಫ್ಯಾನ್ ಮೋಟಾರ್ ಕೂಲಿ ಸೇರಿ 2,600. ಬಿಚ್ಚಿದಾಗ ಸಂದಿಗೆ ಟಾರ್ಚ್ ಬಿಟ್ಟೆವು. ಏನಿತ್ತು ಗೊತ್ತಾ? ತೊಗರಿ ಹೊಟ್ಟು! ನಾನು ಕೆಲಸಕ್ಕೆ ಹೋದಾಗ ಗಾಡಿ ನಿಲ್ಲಿಸುವುದು ಒಂದು ದಾಲ್ ಮಿಲ್ ಗೋಡೆ ಪಕ್ಕ. ವರ್ಷಗಟ್ಟಲೆ ಹಾರಿದ ಹೊಟ್ಟು, ಧೂಳು ಸೇರಿ ಬೆರಣಿ ತಟ್ಟಿದ ಹಾಗೆ ಪದರ ಕಟ್ಟಿತ್ತು. ಮೆತ್ತನೆ ಬ್ರಷ್, ಪೈಪ್ ನೀರು ಹಾಕಿ ಒಂದು ಗಂಟೆ ತೆಗೆದೆವು, ಎರಡು ಬೊಗಸೆ ಬಂತು.

ಗ್ಯಾಸ್ ತೆಗೆದು ತೂಕ ಹಾಕಿಸಿದೆ. ಸ್ಟಿಕ್ಕರ್ ಮೇಲೆ 400 ಗ್ರಾಂ ಅಂತಿದೆ, ಒಳಗಿಂದ ಬಂದದ್ದು 530. ಟಾಪ್ ಅಪ್ ಮಹಾಶಯರ ಕೈಗುಣ. ನಲವತ್ತು ನಿಮಿಷ ವ್ಯಾಕ್ಯೂಮ್ ಹಾಕಿದರು, ಮುಳ್ಳು ನಿಂತಲ್ಲೇ ನಿಂತಿತು. ಹಾಗಾದರೆ ಲೀಕ್ ಇಲ್ಲ ಅಂದುಕೊಂಡೆ. ಆದರೆ 400 ತುಂಬಿಸಿ ಗೇಜ್ ಪೈಪ್ ತೆಗೆದ ಮೇಲೆ ಆ ಹುಡುಗ ಲೋ ಕಡೆ ಗೇಜ್ ಪೈಪ್ ಸಿಕ್ಕಿಸುವ ವಾಲ್ವ್ ಬಾಯಿಗೆ ಸೋಪಿನ ನೊರೆ ಇಟ್ಟ. ಅರ್ಧ ನಿಮಿಷಕ್ಕೊಂದು ಗುಳ್ಳೆ, ಸಾಸಿವೆಯಷ್ಟು ಸಣ್ಣದು. ಪೈಪ್ ಹಾಕಿದಾಗ ಆ ವಾಲ್ವ್ ಒಳಗಿನ ಪಿನ್ ಒತ್ತಿಕೊಂಡೇ ಇರುತ್ತದೆ, ಅದಕ್ಕೇ ವ್ಯಾಕ್ಯೂಮ್‌ನಲ್ಲಿ ಸಿಗಲಿಲ್ಲವಂತೆ. ಅಲ್ಲಿ ಇರಬೇಕಾದ ಮುಚ್ಚಳವೂ ಇರಲಿಲ್ಲ. ಹೊಸ ಪಿನ್, ಹೊಸ ಮುಚ್ಚಳ ಸೇರಿ 120 ರೂಪಾಯಿ.

ಈಗ ಲೋ 44, ಹೈ 245. ನಿನ್ನೆ ಮಧ್ಯಾಹ್ನ ನಿಂತ ಗಾಡಿಯಲ್ಲಿ 12 ಡಿಗ್ರಿ, ಹುಮನಾಬಾದ್ ರಸ್ತೆಯಲ್ಲಿ 8. ಮಗಳು ಹಿಂದಿನ ಸೀಟಿನಿಂದ ಎಸಿ ಕಡಿಮೆ ಮಾಡು ಅನ್ನುತ್ತಾಳೆ. ಗಾಡಿ ನಿಲ್ಲಿಸುವ ಜಾಗ ಬದಲಿಸಲು ನೋಡಿದೆ, ಆಗಲಿಲ್ಲ. ಅಲ್ಲಿ ಬಿಟ್ಟರೆ ಬೇರೆಲ್ಲೂ ನೆರಳೇ ಇಲ್ಲ.

ಹಳೇ ಸ್ಟೀರಿಂಗ್:

ನಾನೂ ನಿನ್ನೆ ಬಕೆಟ್ ನೀರು ಹಾಕಿ ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಫ್ಯಾನ್ ಎರಡೂ ತಿರುಗುತ್ತಿವೆ.

ಹುಬ್ಬಳ್ಳಿ ಗೇಜ್:

ಹಾಗಾದರೆ ನಿಮ್ಮದು ಬೇರೆ ರೋಗ. ಎರಡೂ ವಾಲ್ವ್‌ಗೆ ಮುಚ್ಚಳ ಇದೆಯಾ ಮೊದಲು ನೋಡಿ. ಆಮೇಲೆ ಗೇಜ್ ಹಾಕಿಸಿ ನಂಬರ್ ತನ್ನಿ. ಅಲ್ಲಿಯವರೆಗೆ ಗ್ಯಾಸ್ ಹಾಕಿಸಬೇಡಿ.